ಬಿನ್ನವತ್ತಳೆ, ತಿದ್ದುಪಡಿಯೊಂದಿಗೆ

ಚೌಕಟ್ಟು ಎರಡಡಿ ಎತ್ತರ, ಸುತ್ತ ಚಿನ್ನದ ಬಳ್ಳಿ,
ಒಳಗೆ ಇಪ್ಪತ್ತು ಸಾಲು ಹಿಡಿಯುತ್ತದೆ ಎಂದರು
ಸಂಘದ ಹುಡುಗರು.
ಭಾನುವಾರ ಮೈಸೂರಿನಲ್ಲಿ ಸಮಾರಂಭ. ಪೇಟ, ಶಾಲು, ಹಣ್ಣಿನ ಬುಟ್ಟಿ.
‘ನೀವೇ ಬರೀಬೇಕು. ಬೊಮ್ಮಿಯ ಅರ್ಜಿಗಳೆಲ್ಲ
ನಿಮ್ಮ ಬೆರಳಿಂದಲೇ ಹೊರಟವಲ್ಲ.’

ಬರೆದೆ: ಹೇ ವನಸಿರಿಯ ಕುವರಿಯೇ.
ಹೊಡೆದು ಹಾಕಿದೆ.
ಬರೆದೆ: ತ್ಯಾಗಮಯಿ, ಕರುಣಾಳು, ನಿಸ್ವಾರ್ಥಿ.
ಮೂರೂ ಪದ ಕಳೆದ ವಾರ
ನಿವೃತ್ತರಾದ ಶಿರಸ್ತೇದಾರರಿಗೆ ಕೊಟ್ಟಾಗಿತ್ತು.

ಕೋಟೆಯ ತಾಲ್ಲೂಕು ಕಚೇರಿ ಎದುರು, ಹೊಂಗೆಯ ಕೆಳಗೆ
ನನ್ನ ಮೇಜು, ನನ್ನ ಯಂತ್ರ, ಒಂದು ಕಾಲಿಗೆ ಇಟ್ಟಿಗೆ ಚೂರು.
ಅವಳು ಬರುತ್ತಿದ್ದದ್ದು ಹನ್ನೊಂದರ ಬಸ್ಸಿಗೆ,
ಬಸ್ಸಿಲ್ಲದ ದಿನ ಮಧ್ಯಾಹ್ನ ದಾಟಿ, ಕಾಲಲ್ಲಿ ಕೆಮ್ಮಣ್ಣು.
ಸೆರಗಿನ ಗಂಟಿನಲ್ಲಿ ಪುಟಕ್ಕೆ ಹತ್ತರಂತೆ ಎಣಿಸಿದ ದುಡ್ಡು,
ಹಾಡಿಯ ಪ್ರತಿ ಒಲೆಯಿಂದ ಒಂದೊಂದು ರೂಪಾಯಿ.
‘ಒಂದಕ್ಷರ ದಂಡ ಆಗಬಾರದು ಸ್ವಾಮಿ.’

ಓದು ಬಾರದು ಅವಳಿಗೆ. ಆದರೂ ಒಂದು ದಿನ
ಹಾಳೆ ಎತ್ತಿ ಬಿಸಿಲಿಗೆ ಹಿಡಿದು
ಬೆರಳಿಟ್ಟಳು ಒಂದು ಕಡೆ:
‘ಇದು ನೀರಲ್ಲ. ಬಾಲ ಎಲ್ಲಿ?’

ದೀರ್ಘದ ಕೀಲಿ ಸವೆದು ವರ್ಷವಾಗಿತ್ತು.
ನೂರು ಅರ್ಜಿಯಲ್ಲಿ ನೀರು ‘ನಿರು’ ಆಗಿ ಹೋಗಿತ್ತು.
ತಹಶೀಲ್ದಾರರು ಕಂಡಿರಲಿಲ್ಲ, ವಕೀಲರು ಕಂಡಿರಲಿಲ್ಲ.
ಪೆನ್ನು ತೆಗೆದು ಹನ್ನೊಂದು ಕಡೆ ಬಾಲ ಹಚ್ಚಿದೆ.
ಅವಳು ಎಣಿಸುತ್ತಾ ನಿಂತಳು.

ಇನ್ನೊಂದು ಸಲ, ಒರತೆಯ ಮೇಲೆ
ಹೊಸ ರೆಸಾರ್ಟಿನ ಪಂಪು ಕೂರುವ ಮಾತೆದ್ದಾಗ
ನಾನೇ ಹೇಳಿದೆ: ನಲವತ್ತೊಂದು ಮನೆ ಅಂದರೆ ಯಾರ ಕಿವಿಗೆ ಬಿದ್ದೀತು,
ಅರವತ್ತು ಅನ್ನೋಣ. ಲೆಕ್ಕ ನೋಡಲು ಕಾಡಿಗೆ ಬರುವವರಾರು?
ಅವಳು ಬೈಯಲಿಲ್ಲ.
‘ಹತ್ತೊಂಬತ್ತು ಸುಳ್ಳು ಮನೆಗೆ
ನೀರು ಯಾರು ಹೊರೋದು?’

ಆಮೇಲೆ ಕೆಳಗಿನೂರಿನ ಗದ್ದೆಗಳ ಹೆಸರು
ಒಂದೊಂದಾಗಿ ಸೇರಿಸತೊಡಗಿದಳು.
ಹಿಂದಿನ ವರ್ಷ ಜೇನು ಮಾರಲು ಹೋದ ಅವಳ ತಮ್ಮನನ್ನು
ಕಳ್ಳನೆಂದು ಕಂಬಕ್ಕೆ ಕಟ್ಟಿದ ಊರು ಅದು.
ನನ್ನ ಬೆರಳು ನಿಂತಿತು.
‘ಹೊಡೀರಿ ಸ್ವಾಮಿ. ಒರತೆಗೆ ಆ ಸುದ್ದಿ ಗೊತ್ತಿಲ್ಲ.’

ಗೆದ್ದಳೇ? ಹುಡುಗರು ಬಯಸಿದ್ದು ಆ ಸಾಲು.
ಪಂಪು ಕೂರಲಿಲ್ಲ, ನಿಜ. ಅದಕ್ಕೆಂದು ಕಟ್ಟಿದ ಸಿಮೆಂಟು ಕಟ್ಟೆಯ ಮೇಲೆ
ಈಗ ಹಾಡಿಯ ಬಟ್ಟೆ ಒಣಗುತ್ತವೆ.
ಹಿರಿಯರನ್ನು ಮಣ್ಣು ಮಾಡಿದ ಜಾಗ, ಅಲ್ಲಿ ನೆಟ್ಟ ಕಲ್ಲು,
ಇನ್ನೂ ತಂತಿಬೇಲಿಯ ಆಚೆ.
ಕಡತ ಹುಣಸೂರಿಗೆ ಹೋಗಿ, ಮೈಸೂರಿಗೆ ಹೋಗಿ,
ಹೋದಲ್ಲೆಲ್ಲ ಹೊಸ ಸಂಖ್ಯೆ ತೊಟ್ಟು ಮಲಗಿದೆ.
ಐದು ಅಧಿಕಾರಿಗಳು ಬದಲಾದರು. ಪ್ರತಿಯೊಬ್ಬರಿಗೂ
ಅವಳು ಮೊದಲಿನಿಂದ ಹೇಳಿದಳು,
ಮಗುವಿಗೆ ದಾರಿ ಹೇಳುವಂತೆ, ಮರದ ಹೆಸರು ಹಿಡಿದು:
ಮತ್ತಿ ಮರದಿಂದ ಎಡಕ್ಕೆ,
ಬೂರಗ ಸಿಕ್ಕಿದರೆ ನೀವು ತಪ್ಪಿದಿರಿ.

ಇವನ್ನೇ ಬರೆದೆ. ಹದಿನೇಳು ಸಾಲಾಯಿತು.
ದುಂಡಗಿನ ಅಕ್ಷರದವನೊಬ್ಬ ಚೌಕಟ್ಟಿಗೆ ಇಳಿಸಿಕೊಟ್ಟ.
ಶುಕ್ರವಾರ ಅವಳಿಗೆ ಓದಿ ಹೇಳಿದೆ.
ನಿಂತೇ ಕೇಳಿದಳು, ಚೀಲ ಕೆಳಗಿಡದೆ.
ಭಾನುವಾರ ಒರತೆಯ ಕೆಸರು ತೆಗೆಯುವ ಸರದಿ ಅವಳ ಒಲೆಯದಂತೆ,
ನಾದಿನಿ ಒಪ್ಪಿದರೆ ಬರುತ್ತಾಳಂತೆ ಪೇಟ ಇಡಿಸಿಕೊಳ್ಳಲು.
ಗಂಟು ಬಿಚ್ಚಿ ಹತ್ತು ರೂಪಾಯಿ ಇಟ್ಟಳು.
ಇದು ನಿನ್ನ ಸನ್ಮಾನದ್ದು, ದುಡ್ಡು ಬೇಡ ಎಂದೆ.
‘ಪುಟ ಪುಟವೇ.’

ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.
‘ಸ್ವಾಮಿ, ನಲವತ್ತೊಂದು ಅಂತ ಓದಿದ್ರಲ್ಲ,
ಅಲ್ಲಿ ಈಗ ನಲವತ್ತೆರಡು ಅಂತಲೂ ಇರಲಿ.
ಕಾಳನ ಮಗಳು ಹೋದ ತಿಂಗಳು
ಬೇರೆ ಒಲೆ ಹೂಡಿದಳು.’

ಸೇರಿಸಿದೆ. ಚಿನ್ನದ ಬಳ್ಳಿಯ ನಡುವೆ
ನನ್ನ ನೀಲಿ ಪೆನ್ನಿನ ಗೀಟು ದೂರಕ್ಕೂ ಕಾಣುತ್ತದೆ.